ನಿನ್ನನ್ನು ಕೇಳದೆ

ನನ್ನ ಗುಂಡೂ,

ನೀನೀಗ ಪಕ್ಕದ ಕೋಣೆಯಲ್ಲಿ ನಿಮ್ಮಪ್ಪನ ಹೊಟ್ಟೆಯ ಮೇಲೆ ಬೋರಲು ಬಿದ್ದು ಮಧ್ಯಾಹ್ನದ ನಿದ್ದೆ ಹೊಡೆಯುತ್ತಿದ್ದೀಯ. ಇದನ್ನು ಓದಲು ನಿನಗಿನ್ನೂ ಎಷ್ಟೋ ವರ್ಷ ಬೇಕು. ಇರಲಿ. ನಾಳೆ ಚರ್ಚಿನಲ್ಲಿ ನಿನ್ನ ಜ್ಞಾನಸ್ನಾನ, ಬ್ಯಾಪ್ಟಿಸಂ. ನಿನ್ನನ್ನು ಎತ್ತಿಕೊಂಡು ನಿಲ್ಲಬೇಕಾದ ಜ್ಞಾನತಾಯಿ ನಾನು, ನಿನ್ನ ಚಿಕ್ಕಿ. ನಿನ್ನೆಯವರೆಗೂ ನಿಲ್ಲುವುದಿಲ್ಲ ಎಂದು ಹಟ ಹಿಡಿದಿದ್ದೆ. ಯಾಕೆ ಅಂತ ನಿನಗೆ ಗೊತ್ತಿರಬೇಕು.

ತಪ್ಪೆಲ್ಲ ಕಾಲೇಜಿನದು ಅಂತ ನಿಮ್ಮಪ್ಪ ಹೇಳುತ್ತಾರೆ. ಪೊಲಿಟಿಕಲ್ ಸೈನ್ಸ್‌ನಲ್ಲಿ ನಾನು ಕಲಿತ ಮೊದಲ ದೊಡ್ಡ ಪದ ಕನ್ಸೆಂಟ್, ಒಪ್ಪಿಗೆ. ಜನರ ಒಪ್ಪಿಗೆಯಿಲ್ಲದೆ ಅವರನ್ನು ಆಳುವ ಹಕ್ಕು ಯಾರಿಗೂ ಇಲ್ಲವಂತೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ನನ್ನನ್ನು ಯಾರು, ಯಾವಾಗ ಕೇಳಿದ್ದರು? ಒಂದನೇ ಕ್ಲಾಸಿಗೇ ಕಾನ್ವೆಂಟ್ ಹಾಸ್ಟೆಲ್. ಸಿಸ್ಟರ್ ಗಂಟೆ ಬಾರಿಸಿದರೆ ಏಳು, ಬಾರಿಸಿದರೆ ತಿನ್ನು, ಬಾರಿಸಿದರೆ ನಂಬು.

ನಿಮ್ಮಮ್ಮ ನಿನ್ನ ಬಿಳಿ ಅಂಗಿಗೆ ಅಂಚು ಹೊಲಿಯುತ್ತಿದ್ದಾಗ ನನ್ನ ಭಾಷಣ ಶುರುವಾಯಿತು. ಮಗು ದೊಡ್ಡವಳಾಗಿ ತಾನೇ ಆರಿಸಿಕೊಳ್ಳಲಿ, ದೇವರನ್ನು ನಂಬುತ್ತೀಯಾ ಅಂತ ಫಾದರ್ ಕೇಳುವಾಗ ಅವಳು ಕೊಡಬೇಕಾದ ಉತ್ತರವನ್ನು ನಾನು ಕೊಡಲ್ಲ ಅಂದೆ. ಗುಂಡುಸೂಜಿ ಕಚ್ಚಿಕೊಂಡೇ ಅಕ್ಕ ಅಂದಳು: “ನನ್ನ ಹೊಟ್ಟೇಲಿ ಹುಟ್ಟುತ್ತೀಯಾ ಅಂತ ಇವಳನ್ನ ಕೇಳಿದ್ನಾ? ಕೇಳಿದ್ರೆ ಯಾವುದಾದ್ರೂ ಶ್ರೀಮಂತರ ಮನೆ ನೋಡ್ಕೋತಿದ್ಲು.”

“ಕಾಲೇಜು ಸೇರಿ ಎರಡು ತಿಂಗಳಾಗಿಲ್ಲ, ನಮ್ಮನೆ ಸರ್ಕಾರಾನೇ ಬೀಳಿಸ್ತಾಳೆ ನೋಡು,” ಅಂದರು ನಿಮ್ಮಪ್ಪ.

ನಾನು ನಗಲಿಲ್ಲ. ಅಕ್ಕ ಸೂಜಿಗಳನ್ನು ಬಾಯಿಂದ ತೆಗೆದಳು. “ನಿನ್ನ ಬಿಟ್ರೆ ನನಗೆ ಇನ್ಯಾರಿದ್ದಾರೆ ಹೇಳು, ನಿಲ್ಲಿಸೋಕೆ?” ದನಿ ಸಣ್ಣಗಾಗಿತ್ತು.

ಅದಕ್ಕೇ ನಿನ್ನೆ ಚರ್ಚಿನ ಆಫೀಸಿನಲ್ಲಿದ್ದ ಜ್ಞಾನಸ್ನಾನದ ತಯಾರಿಯ ಕ್ಲಾಸಿಗಾದರೂ ಹೋದೆ. ಸೆಮಿನಾರಿಗೆ ಮಾಡುವ ಹಾಗೆ ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಮಗುವಿನ ಪರವಾಗಿ ‘ವಿಶ್ವಾಸಿಸುತ್ತೇನೆ’ ಅನ್ನಲು ನನಗೇನು ಅಧಿಕಾರ ಫಾದರ್, ಅಂತ.

ಫಾದರ್ ಕನ್ನಡಕ ತೆಗೆದು ನಿಲುವಂಗಿಯ ತುದಿಯಲ್ಲಿ ಒರೆಸಿದರು. “ಹಿಂದೆ ಹಾಗೇ ಇತ್ತಮ್ಮ. ಈಗ ನಾನು ಮಗೂನ ಕೇಳಲ್ಲ, ನಿನ್ನನ್ನೇ ಕೇಳ್ತೀನಿ. ನೀನು ವಿಶ್ವಾಸಿಸ್ತೀಯಾ?”

ಗುಂಡೂ, ಈ ಪ್ರಶ್ನೆಗೆ ನಾನು ತಯಾರಾಗಿ ಹೋಗಿರಲಿಲ್ಲ. ಹಾಸ್ಟೆಲಿನ ಚಾಪೆಲ್‌ನಲ್ಲಿ ಆ ಮಾತನ್ನು ದಿನಾ ಹೇಳಿದವಳು ನಾನು, ಅಷ್ಟೂ ಹುಡುಗಿಯರ ದನಿಯೊಳಗೆ ಅಡಗಿಕೊಂಡು. ಒಬ್ಬಳೇ ಒಮ್ಮೆಯೂ ಹೇಳಿರಲಿಲ್ಲ. ನಿನ್ನ ಹಕ್ಕು, ನಿನ್ನ ಸ್ವಾತಂತ್ರ್ಯ ಅಂತ ವಾದಿಸುತ್ತಾ ನಾನು ಈಗ ಅಡಗಿಕೊಂಡಿದ್ದು ನಿನ್ನ ಹಿಂದೆ.

“ಪೂರ್ತಿ ಗೊತ್ತಿಲ್ಲ ಫಾದರ್,” ಅಂದೆ.

“ಪೂರ್ತಿ ಗೊತ್ತಿರೋರೇ ಬೇಕು ಅಂದ್ರೆ ಮೊದಲು ನನ್ನನ್ನೇ ಆಚೆ ಕಳಿಸ್ಬೇಕು.”

“ಮುಂದೆ ಅವಳು ಬೇಡ ಅಂದ್ರೆ?”

“ಅನ್ನಲಿ. ಬಲವಂತದ ವಿಶ್ವಾಸ ವಿಶ್ವಾಸವೇ ಅಲ್ಲ ಅಂತ ನಮ್ಮ ಧರ್ಮಸಭೆನೂ ಹೇಳತ್ತೆ, ನಿಮ್ಮ ಕಾಲೇಜಿನ ಪುಸ್ತಕ ಮಾತ್ರ ಅಲ್ಲ. ಆದ್ರೆ ಅವಳು ಹೂಂ ಅನ್ನಲಿ ಅಂತ ದೇವರ ಪ್ರೀತಿ ಕಾಯ್ತಾ ಕೂತಿಲ್ಲ. ಅದು ಮೊದಲೇ ಬಂದಿದೆ. ನಾಳಿದ್ದು ನಾವು ಹೇಳೋದು ಅದನ್ನಷ್ಟೇ.”

ಒಪ್ಪಿಗೆ ಮೊದಲು ಅನ್ನುತ್ತದೆ ಕಾಲೇಜಿನ ಕ್ಲಾಸು, ಪ್ರೀತಿ ಮೊದಲು ಅನ್ನುತ್ತಾರೆ ಫಾದರ್. ಎರಡನ್ನೂ ಒಂದೇ ಉತ್ತರದಲ್ಲಿ ಬರೆದರೆ ನಾನು ಫೇಲಾಗುವುದು ಗ್ಯಾರಂಟಿ. ಆದರೆ ಮನೆಗೆ ನಡೆದು ಬರುತ್ತಾ ಹಾಸ್ಟೆಲಿನ ವಿಸಿಟಿಂಗ್ ಭಾನುವಾರಗಳು ನೆನಪಾದವು. ಒಂದನ್ನೂ ತಪ್ಪಿಸದೆ ಅಕ್ಕ ಬರುತ್ತಿದ್ದಳು, ಬಸ್ಸಿನ ಧೂಳಿನಲ್ಲಿ ತಲೆಯೆಲ್ಲ ಕೆದರಿಕೊಂಡು. ಬಾ ಅಂತ ನಾನು ಕರೆದಿರಲಿಲ್ಲ. ಹಾಸ್ಟೆಲಿನಲ್ಲಿ ಬಿಟ್ಟ ಸಿಟ್ಟಿಗೆ ಎಷ್ಟೋ ಸಲ ಮಾತೂ ಆಡುತ್ತಿರಲಿಲ್ಲ. ನನ್ನನ್ನು ಕೇಳದೆ ನನಗೆ ಸಿಕ್ಕಿದ್ದರಲ್ಲಿ ಗಂಟೆಯೊಂದೇ ಅಲ್ಲ, ಅವಳೂ ಇದ್ದಳು.

ನಾಳೆ ನಾನು ನಿಲ್ಲುತ್ತೇನೆ. ಉತ್ತರ ನನ್ನದು, ನಿನ್ನದಲ್ಲ. ದನಿ ನಡುಗಬಹುದು. ನಿನ್ನ ಉತ್ತರ ನಿನಗೇ ಇರಲಿ. ದೊಡ್ಡವಳಾಗಿ ಹೌದು ಅಂದರೂ ಬೇಡ ಅಂದರೂ ಮೊದಲು ನನ್ನ ಹತ್ತಿರ ಬಾ. ನಿಮ್ಮಮ್ಮನಿಗೆ ನಾನು ಹೇಳ್ತೀನಿ, ಅವಳ ಕೈಯಲ್ಲಿ ಸೂಜಿಯಿಲ್ಲದ ಹೊತ್ತು ನೋಡಿ.

ನೆತ್ತಿಗೆ ನೀರು ಬಿದ್ದಾಗ ಜೋರಾಗಿ ಅಳು, ಕಂದ. ನಿನ್ನ ದನಿ ಯಾರ ದನಿಯೊಳಗೂ ಅಡಗದಿರಲಿ.

ನೀನು ಎಷ್ಟು ಒದ್ದಾಡಿದರೂ ನಿನ್ನನ್ನು ಬೀಳಿಸದ,
ಚಿಕ್ಕಿ