ವರಾಛಾದ ಎರಡನೇ ಚಾನೆಲ್ಲಿಗೆ ಬೀಗ ಏಕೆ?

ಮೊಬೈಲ್ ಕಂಪನಿಯ ವಲಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಇಪ್ಪತ್ತಮೂರು ದಿನಗಳಿಂದ ಸಂಜೆ ಏಳಕ್ಕೆ ನಾನು ವಡೋದರಾದ ಗೋರ್ವಾದಿಂದ ಸೂರತ್ತಿನ ವರಾಛಾಕ್ಕೆ ಫೋನು ಮಾಡುತ್ತಿದ್ದೇನೆ. ಒಂದು ದಿನ ಬಿಟ್ಟು ಉಳಿದೆಲ್ಲ ದಿನವೂ ನಿಮ್ಮ ಹೆಣ್ಣುಮಗಳು "ಇಸ್ ರೂಟ್ ಕೀ ಸಭೀ ಲೈನೇ ವ್ಯಸ್ತ್ ಹೈಂ", ಎಲ್ಲ ಲೈನೂ ತುಂಬಿವೆ, ಎಂದು ರಾಗವಾಗಿ ಹೇಳುತ್ತಾಳೆ. ದಿನಕ್ಕೆ ಹತ್ತು ಸಲ ಹೇಳಿದರೂ ಬೇಸರವಿಲ್ಲ. ಇಡೀ ದಿನದಲ್ಲಿ ನನ್ನ ಹತ್ತಿರ ಅಷ್ಟು ತಾಳ್ಮೆಯಿಂದ ಮಾತಾಡುವವಳು ಅವಳೊಬ್ಬಳೇ. ಆದರೆ ನನಗೆ ಬೇಕಾದವಳು ಅವಳಲ್ಲ, ರುಕ್ಮಿಣಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತವನ್ನು ನಮ್ಮ ಕನ್ನಡ ಸಂಘದ ಪತ್ರಿಕೆಯವರು ತಿದ್ದಿದ್ದಾರೆ. ಸಿಟ್ಟನ್ನು ತಿದ್ದಬೇಡಿ ಎಂದು ಕೇಳಿಕೊಂಡಿದ್ದೇನೆ. ನಿಮಗೆ ಕನ್ನಡ ಬಾರದಿದ್ದರೆ ಬಲ್ಲವರಿಂದ ಓದಿಸಿಕೊಳ್ಳಿ. ಹದಿನೈದು ವರ್ಷದಿಂದ ನಾನು ನಿಮ್ಮೂರಿನ ಮಾತನ್ನೆಲ್ಲ ಹಾಗೆಯೇ ಕೇಳಿ ತಿಳಿದುಕೊಳ್ಳುತ್ತಿಲ್ಲವೇ?

ರುಕ್ಮಿಣಿ ಎಂಟು ವರ್ಷ ನಮ್ಮ ಎದುರು ಬ್ಲಾಕಿನಲ್ಲಿದ್ದಳು. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತ ಇಬ್ಬರೂ ಕನ್ನಡದಲ್ಲಿ ಊರನ್ನೆಲ್ಲ ಬೈಯುತ್ತಿದ್ದೆವು. ಹೋದ ವರ್ಷ, ಅಂದರೆ ೨೦೦೩ರಲ್ಲಿ, ಮಗನ ಕೆಲಸಕ್ಕಾಗಿ ಅವರು ವರಾಛಾಕ್ಕೆ ಹೋದರು. ನಮ್ಮ ಮನೆಯಲ್ಲಿ ಮಗಳು ಗಿರಿಜಾ ಮತ್ತು ಅಳಿಯ ಆಫೀಸಿನಿಂದ ಬಂದ ಮೇಲೆ ತಮ್ಮಲ್ಲಿ ಆಡುವುದು ಹಿಂದಿ. ಮೊಮ್ಮಗಳು ತನುಶ್ರೀಗೆ ಗುಜರಾತಿ. "ಅಜ್ಜಿ, ಊಟ" ಎನ್ನುವಲ್ಲಿಗೆ ಅವಳ ಕನ್ನಡ ಮುಗಿಯುತ್ತದೆ. ಒಳ್ಳೆಯ ಮಕ್ಕಳೇ. ನನ್ನ ಮಾತಿಗೆ ತಿರುಗಿ ಜಗಳವಾಡಲು ಮಾತ್ರ ಅಲ್ಲಿ ಯಾರಿಗೂ ಬರುವುದಿಲ್ಲ.

ರುಕ್ಮಿಣಿ ಮನೆಗೆ ಇರುವುದು ಒಂದೇ ಮೊಬೈಲು. ಹಗಲು ಅದು ಸೊಸೆಯ ಜೊತೆ ವಜ್ರದ ಆಫೀಸಿನಲ್ಲಿ. ರಾತ್ರಿ ಎಂಟಕ್ಕೆ ಮಗನ ಜೊತೆ ಪಾಂಡೇಸರಾದ ಸೀರೆ ಮಿಲ್ಲಿಗೆ. ಅದಕ್ಕೂ ಎರಡು ಪಾಳಿ! ಮುದುಕಿಯ ಕೈಗೆ ಬರುವುದು ಏಳರಿಂದ ಎಂಟರವರೆಗೆ. ವಜ್ರ ಉಜ್ಜುವ ಸಾವಿರಾರು ಜನ ಕೆಲಸ ಬಿಟ್ಟು ಊರಿಗೆ ಫೋನು ಹಚ್ಚುವುದೂ ಆಗಲೇ. ಅವರನ್ನು ದೂರುವುದಿಲ್ಲ, ಅವರಿಗೂ ಎಲ್ಲೋ ಒಬ್ಬ ರುಕ್ಮಿಣಿ ಇದ್ದಾಳು.

ಕೊನೆಯ ಸಲ ಮಾತಾಡಿದಾಗ ಅವಳು ಸೂರತ್ತಿನ ಸೊಸೆಯ ಮೇಲೆ ದೂರು ಹೇಳುತ್ತಿದ್ದಳು. "ಸಾರಿಗೂ ಸಕ್ಕರೆ ಹಾಕ್ತಾಳೆ ಕಣೇ ರತ್ನ."

"ನಿನ್ನ ನಾಲಿಗೆಗೂ ಎರಡು ಚಮಚ ಹಾಕು ಅನ್ನು. ಆ ಹುಡುಗಿ ಬದುಕ್ಕೊಳ್ತಾಳೆ."

"ಓಹೋ, ನೀನೂ ಅವಳ ಪಾರ್ಟಿನಾ?"

"ನಿನ್ನಂಥವಳ ಜೊತೆ ಎಂಟು ವರ್ಷ ಅದು ಹೆಂಗೆ ಕೂತಿದ್ನೋ, ಈಗ..."

ಅಷ್ಟಕ್ಕೆ ಲೈನು ಕಡಿಯಿತು. "ಈಗ ನೀನಿಲ್ದೆ ಕೂರಕ್ಕಾಗ್ತಿಲ್ಲ" ಎನ್ನುವವಳಿದ್ದೆ. ಬೈಗುಳವನ್ನು ಸೂರತ್ತಿಗೆ ತಲುಪಿಸಿದಿರಿ, ಉಳಿದದ್ದನ್ನು ನನ್ನ ಬಾಯಲ್ಲೇ ಬಿಟ್ಟಿರಿ. ನಾನೇ ಫೋನು ಕುಕ್ಕಿದೆ ಎಂದುಕೊಂಡಿರುತ್ತಾಳೆ. ನನ್ನ ನಾಲಿಗೆ ಕೆಟ್ಟದ್ದು, ಒಪ್ಪುತ್ತೇನೆ. ಆದರೆ ಆಡಿದ ಮಾತನ್ನು ಸರಿಮಾಡುವ ದಾರಿಗೆ ಅಡ್ಡ ನಿಂತವರು ಯಾರು?

ಕಾಗದ ಬರೆಯಬಾರದೇ ಎನ್ನುವಿರಿ. ಅವಳಿಗೆ ಓದು ಬಾರದು. ರೈಲಿಗೆ ಎರಡೇ ಗಂಟೆಯಲ್ಲವೇ ಎನ್ನುವಿರಿ. ಮೊಣಕಾಲು ಒಪ್ಪುವುದಿಲ್ಲ, ಗಿರಿಜಾ "ದೀಪಾವಳಿ ರಜಾ ಬರ್ಲಿ ಅಮ್ಮ" ಎಂದಿದ್ದಾಳೆ. ನಿಮ್ಮ ಕಚೇರಿಗೂ ಹೋಗಿದ್ದೆ. ಕೌಂಟರಿನ ಹುಡುಗಿ, "ಮಾಸಿ, ಸಾಂಜೆ ಬಹು ಲೋಡ್ ಹೋಯ ಛೇ" ಎಂದಳು; ಸಂಜೆ ಬಹಳ ಲೋಡಂತೆ, ರಾತ್ರಿ ಹನ್ನೊಂದರ ಮೇಲೆ ಮಾಡಬೇಕಂತೆ. ಆ ಹೊತ್ತಿಗೆ ಆ ಫೋನು ಮಿಲ್ಲಿನಲ್ಲಿರುತ್ತದೆ. ಸೀರೆಗೆ ಬಣ್ಣ ಹಾಕುವ ಯಂತ್ರದ ಹತ್ತಿರ ಕ್ಷಮೆ ಕೇಳಲೇ?

ಮೇಲಿನ ಮನೆಯ ಎಂಜಿನಿಯರ್ ಸತ್ಯಪ್ರಕಾಶ ವಿಚಾರಿಸಿಕೊಂಡು ಬಂದು ಹೇಳಿದ: "ಅಜ್ಜಿ, ಆ ಟವರಿಗೆ ಎರಡನೇ ಚಾನೆಲ್ ಕೂರಿಸಿದ್ದಾರೆ. ಮೊದಲನೇದು ತುಂಬಿದ್ರೆ ಕರೆ ಅದಕ್ಕೆ ಹೋಗ್ಬೇಕು. ಆದರೆ ಆನ್ ಮಾಡೋದು ದೊಡ್ಡವರು ಬಂದಾಗ ಮಾತ್ರ."

ನಂಬಿರಲಿಲ್ಲ. ಹೋದ ಗುರುವಾರ ವರಾಛಾದಲ್ಲಿ ತಮ್ಮ ಸಮಾರಂಭ. ಏಳಕ್ಕೆ ಒತ್ತಿದೆ, ಮೊದಲ ಸಲಕ್ಕೇ ರಿಂಗಾಯಿತು! ಎತ್ತಿದ್ದು ಸೊಸೆ. "ಮಾಸಿ, ಸಾಹಬ್ ಕಾ ಫಂಕ್ಷನ್, ರೋಡ್ ಬಂದ್ ಹೈ. ಮಮ್ಮೀ ಘರ್ ಪೇ ಹೈ. ಕುಛ್ ಬೋಲೂಂ?" ಅವಳಿನ್ನೂ ದಾರಿಯಲ್ಲೇ ಸಿಕ್ಕಿಕೊಂಡಿದ್ದಳು, ಮನೆಯಲ್ಲಿದ್ದ ಅತ್ತೆಗೆ ಏನಾದರೂ ಹೇಳಲೇ ಎಂದು ಕೇಳಿದಳು. ಮಾತಿಗೆ ದಾರಿ ಬಿಟ್ಟು ಮನುಷ್ಯರಿಗೆ ದಾರಿ ಕಟ್ಟಿದಿರಿ. ಅವಳ ವಿಷಯಕ್ಕೇ ಆದ ಜಗಳವನ್ನು ಅವಳ ಬಾಯಲ್ಲಿ ಹೇಗೆ ಹೇಳಿಸಲಿ? "ಕುಛ್ ನಹೀ ಬೇಟಾ" ಎಂದೆ. ಅವಳು ಮನೆ ಮುಟ್ಟುವಷ್ಟರಲ್ಲಿ ತಾವು ಕಾರು ಹತ್ತಿದ್ದಿರಿ; ಎಂಟಕ್ಕೆ ಹತ್ತು ನಿಮಿಷವಿದ್ದಾಗ ಮತ್ತೆ ಒತ್ತಿದರೆ ಅದೇ ರಾಗ.

ನಮ್ಮ ಹಳ್ಳಿಯ ಬಾವಿಗೂ ಎರಡು ರಾಟೆ ಇದ್ದವು. ಒಂದು ಪಟೇಲರ ಮನೆಯದು, ಅದನ್ನು ನಾವು ಮುಟ್ಟುವಂತಿರಲಿಲ್ಲ. ಆದರೆ ಅವರು ಅದನ್ನು ದಿನವೂ ಬಳಸುತ್ತಿದ್ದರು. ನೀವು ಬಳಸುವುದೂ ಇಲ್ಲ.

ಅವಳು ಫೋನು ಮಾಡುತ್ತಿಲ್ಲವೋ, ಮಾಡಿಯೂ ತಲುಪುತ್ತಿಲ್ಲವೋ, ತಿಳಿಯದು. ಸಿಟ್ಟಾದ ಗೆಳತಿಯ ಮೌನವೂ ನಿಮ್ಮ ತುಂಬಿದ ಲೈನೂ ನನ್ನ ಕಿವಿಗೆ ಒಂದೇ ಥರ ಕೇಳಿಸುತ್ತವೆ.

ಆದುದರಿಂದ ಸಂಜೆ ಏಳರಿಂದ ಎಂಟರವರೆಗೆ ವರಾಛಾದ ಎರಡನೇ ಚಾನೆಲ್ ತೆರೆದಿಡಿ, ದಿನವೂ. ನನ್ನ ದನಿ ಕೇಳಿ ರುಕ್ಮಿಣಿಯೇ ಫೋನು ಕುಕ್ಕಿದರೆ ನಿಮ್ಮ ಮೇಲಿನ ದೂರನ್ನು ಇದೇ ಪತ್ರಿಕೆಯಲ್ಲಿ ಹಿಂದಕ್ಕೆ ಪಡೆಯುತ್ತೇನೆ. ಕುಕ್ಕಿದವಳು ಅವಳೇ ಎಂದಾದರೂ ನನಗೆ ಗೊತ್ತಾಗಲಿ.

ಇಂತಿ,
ಕೆಟ್ಟ ನಾಲಿಗೆಯ, ಸದ್ಯಕ್ಕೆ ಜಗಳಕ್ಕೂ ಗತಿಯಿಲ್ಲದ
ರತ್ನಮ್ಮ
ಗೋರ್ವಾ, ವಡೋದರಾ