ನೀವು ಒಡೆಸಿದ್ದು ಗೊಬ್ಬರದ ತೊಟ್ಟಿ, ನಾವು ಕುಡಿಯುತ್ತಿರುವುದು ಬಾವಿಯ ನೀರು

ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಬೀದಿಯ ಸೇದುವ ಬಾವಿಗೆ ಚರಂಡಿಯ ನೀರು ಇಳಿಯುತ್ತಿದೆ. ಅದನ್ನು ಕುಡಿದು ಜನ ವಿಷಮಶೀತ ಜ್ವರದಲ್ಲಿ ಮಲಗಿದ್ದಾರೆ. ಒಂದು ಹುಡುಗಿ ತೀರಿಕೊಂಡಿದ್ದಾಳೆ. ಇದಕ್ಕೆ ಪುರಸಭೆ ಕೈಗೊಂಡ ಏಕೈಕ ಕ್ರಮವೆಂದರೆ ನನ್ನ ಹಿತ್ತಲಿನಲ್ಲಿದ್ದ ಗೊಬ್ಬರದ ತೊಟ್ಟಿಯನ್ನು ಒಡೆದುಹಾಕಿದ್ದು. ತೊಟ್ಟಿ ಹೋಯಿತು, ಜ್ವರ ಹೋಗಲಿಲ್ಲ. ಬಾವಿಯ ಬಾಯಿ ಇವತ್ತಿಗೂ ತೆರೆದೇ ಇದೆ.

ಇದನ್ನು ಹೇಳಲು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಕೋಣೆಯ ಬಾಗಿಲಿಗೆ ಇಳಿಬಿಟ್ಟ ಪರದೆಯನ್ನು ದಾಟುವ ಯೋಗ್ಯತೆ ನನಗಿರಲಿಲ್ಲ. ಪತ್ರಿಕೆಯಾದರೆ ಬೆಳಗಿನ ಕಾಫಿಯ ಜೊತೆ ತಾನಾಗಿ ಒಳಗೆ ಬರುತ್ತದಂತೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಊರಿನ ಹೆಸರು ಹಾಕಿಲ್ಲ. ಹಿರಿಯೂರಿನಿಂದ ಹೊಳಲ್ಕೆರೆಯವರೆಗೆ ಯಾವ ಅಧಿಕಾರಿ ಓದಿದರೂ ತನ್ನ ಊರಿನದೇ ಇರಬಹುದೆಂದು ಹೆದರಿ ಒಂದು ಸಲ ಬಾವಿಯೊಳಗೆ ಬಗ್ಗಿ ನೋಡಿದರೆ ಅಷ್ಟೇ ಪುಣ್ಯ.

ನಾನು ಬಾಲಿಕೆಯರ ಶಾಲೆಯಲ್ಲಿ ಹೊಲಿಗೆ ಕಲಿಸುವವಳು. ನನ್ನ ಯಜಮಾನರು ಶಿವಯ್ಯ, ಶ್ರೀರಾಂಪುರದ ಕಡೆ ಹೋಗುವ ಬಸ್ಸಿನ ಡ್ರೈವರು. ಕಸದ ವಿಚಾರಕ್ಕೆ ನಾವಾಗಿ ಹೋದವರಲ್ಲ, ನೀವೇ ಕರೆದಿರಿ. ಎಪ್ಪತ್ನಾಲ್ಕನೇ ಇಸವಿಯಲ್ಲಿ ಯೂರಿಯಾ ಸಿಗದೆ ರೈತರು ಸೊಸೈಟಿಯ ಮುಂದೆ ಸಾಲು ನಿಂತಿದ್ದಾಗ ನಿಮ್ಮ ಜೀಪು ಮೈಕು ಕಟ್ಟಿಕೊಂಡು ಬೀದಿಬೀದಿ ತಿರುಗಿತ್ತು. ಮನೆಯ ಕಸವನ್ನು ಬೀದಿಗೆ ಎಸೆಯಬೇಡಿ, ಮನೆಯಲ್ಲೇ ಗೊಬ್ಬರ ಮಾಡಿ, ದೇಶಕ್ಕೆ ನೆರವಾಗಿ ಎಂದಿತು. ಜೀಪು ಹೇಳಿದ್ದನ್ನು ನಂಬಿದವರು ಬೀದಿಯಲ್ಲಿ ನಾನೊಬ್ಬಳೇ ಇರಬೇಕು.

ಎಂಥ ತೊಟ್ಟಿ ಮಾಡಿಸುವುದು ಎಂದು ಮನೆಯಲ್ಲಿ ಚರ್ಚೆಯೇ ನಡೆಯಿತು. ಯಜಮಾನರು, "ಗುಂಡಿ ತೋಡಿ ಹಾಕಿದ್ರಾತು, ನಿಮ್ಮಪ್ಪನ ಮನ್ಯಾಗೆ ಹಂಗೇ ಅಲ್ಲೇನು ಮಾಡಾದು?" ಎಂದರು. ನನ್ನ ತವರು ಭರಮಸಾಗರ. ಅಲ್ಲಿಯ ಎರೆಮಣ್ಣಿನಲ್ಲಿ ತೋಡಿದ ಗುಂಡಿ ಮಳೆಗಾಲದಲ್ಲಿ ಹೇಗೆ ನೀರು ತುಂಬಿ ನಾರುತ್ತದೆ, ಸೊಳ್ಳೆ ಹೇಗೆ ಏಳುತ್ತವೆ ಎಂಬುದನ್ನು ಕಂಡವಳು ನಾನು. ಗುಂಡಿ ಬೇಡವೆಂದೆ. ಅವರು ರಸ್ತೆ ಕೆಲಸದವರಿಂದ ಖಾಲಿ ಡಾಂಬರಿನ ಡ್ರಮ್ಮೊಂದನ್ನು ಕೇಳಿ ತಂದರು. ಅದು ಬಿಸಿಲಿಗೆ ಕಾದು ಒಳಗಿನದೆಲ್ಲ ಒಣಗಿ ಸುಕ್ಕಾಗುತ್ತಿತ್ತೇ ಹೊರತು ಕೊಳೆಯುತ್ತಿರಲಿಲ್ಲ, ಮೇಲಾಗಿ ಡಾಂಬರಿನ ವಾಸನೆ. ಕೊನೆಗೆ ಗಾರೆ ಕೆಲಸದ ಜಂಪಣ್ಣನನ್ನು ಕರೆಸಿ, ಹಿತ್ತಲ ತುದಿಯ ಹೊಂಗೆ ಮರದ ನೆರಳಿನಲ್ಲಿ, ನೆಲದ ಮೇಲೆಯೇ ಇಟ್ಟಿಗೆಯ ತೊಟ್ಟಿ ಕಟ್ಟಿಸಿದೆ. ಗಾಳಿಯಾಡಲೆಂದು ಇಟ್ಟಿಗೆಯ ನಡುವೆ ಕಿಂಡಿ, ಮಣ್ಣಿನ ಸಂಪರ್ಕವಿರಲೆಂದು ತಳಕ್ಕೆ ಗಾರೆಯಿಲ್ಲ, ಕೋಳಿ ನಾಯಿ ಕೆದರದಂತೆ ಮೇಲೊಂದು ತಗಡು. ಬೀದಿಯ ಬಾವಿ ಇರುವುದು ಮನೆಯ ಮುಂದೆ. ತೊಟ್ಟಿ ಮನೆಯ ಹಿಂದೆ, ಇಳಿಜಾರಿನ ಕೆಳಮಗ್ಗುಲಲ್ಲಿ. ಇದನ್ನು ದಯವಿಟ್ಟು ನೆನಪಿನಲ್ಲಿಡಿ, ನಿಮ್ಮ ಆರೋಗ್ಯ ನಿರೀಕ್ಷಕರು ಇಡಲಿಲ್ಲ.

ಮೊದಮೊದಲು ನನಗೂ ಕೈ ಹತ್ತಲಿಲ್ಲ. ತರಕಾರಿ ಸಿಪ್ಪೆ, ಹಳಸಿದ ಅನ್ನ, ಮುಸುರೆ ಎಲ್ಲ ಸುರಿದೆ. ನಾತ ಹೊಡೆಯಿತು. ಪಕ್ಕದ ಮನೆಯ ಏಕಾಂತಮ್ಮ ಗೋಡೆಯ ಮೇಲಿಂದ ಇಣುಕಿ, "ಚಂದ್ರಕ್ಕ, ಅದೇನ್ ಹಾಕೀಯೇ ಅದ್ರಾಗೆ? ಉಣ್ಣಾಕೆ ಕುಂತ್ರೆ ತುತ್ತು ಇಳಿಯವಲ್ದು" ಎಂದಳು. ಅವಳು ಹೇಳಿದ್ದು ನ್ಯಾಯವಾಗಿತ್ತು. ಹಸಿಯದು ಹೆಚ್ಚಾದರೆ ನಾರುತ್ತದೆ, ಒಣಗಿದ್ದು ಹೆಚ್ಚಾದರೆ ಸುಮ್ಮನೆ ಬಿದ್ದಿರುತ್ತದೆ ಎಂಬುದನ್ನು ಮೂಗಿನಿಂದಲೇ ಕಲಿತೆ. ಅನ್ನ, ಎಣ್ಣೆಯದು, ಮೂಳೆ ಹಾಕುವುದನ್ನು ಬಿಟ್ಟೆ. ಒಂದು ಪದರ ಸಿಪ್ಪೆಯಾದರೆ ಅದರ ಮೇಲೆ ಹೊಂಗೆ ತರಗೆಲೆ, ಶೇಂಗಾ ಹೊಟ್ಟು, ನಡುನಡುವೆ ಸಗಣಿ ನೀರು. ಮುಟ್ಟಿದರೆ ಹಿಂಡಿದ ಬಟ್ಟೆಯಷ್ಟು ಪಸೆ ಇರಬೇಕು. ವಾರಕ್ಕೊಮ್ಮೆ ಗುದ್ದಲಿಯಿಂದ ಅಡಿಮೇಲು ಮಾಡಿದರೆ ಚಳಿಗಾಲದ ಬೆಳಿಗ್ಗೆ ಅನ್ನದ ತಪ್ಪಲೆಯ ಹಾಗೆ ಹಬೆಯಾಡುತ್ತಿತ್ತು. ಆಮೇಲೆ ನಾತವಿಲ್ಲ, ನೊಣವಿಲ್ಲ. ಮಾಗಿದ ಗೊಬ್ಬರ ಕೈಯಲ್ಲಿ ಕಾಫಿಪುಡಿಯ ಹಾಗೆ ಉದುರುತ್ತಿತ್ತು.

ಏಕಾಂತಮ್ಮ ಹೂ ಕಟ್ಟಿ ಮಾರುವವಳು. ಅವಳ ಹಿತ್ತಲಿನ ಕನಕಾಂಬರಕ್ಕೆ ಅದೇ ಗೊಬ್ಬರ ಕೊಟ್ಟೆ. ಹೂವು ಎಷ್ಟು ಬಿಟ್ಟಿತೆಂದರೆ ಆಮೇಲೆ ಅವಳೇ ತನ್ನ ಮನೆಯ ಸಿಪ್ಪೆಯನ್ನು ಗೋಡೆಯ ಮೇಲಿಂದ ದಾಟಿಸತೊಡಗಿದಳು. ಅವಳ ಹಿರಿಯ ಮಗಳು ಪಾಲಮ್ಮ ನನ್ನ ಶಾಲೆಯ ವಿದ್ಯಾರ್ಥಿನಿ. ಅಂಗಿಯ ಗುಂಡಿಗೆ ಕಾಜಾ ಹೊಲಿಯುವುದರಲ್ಲಿ ಅವಳದಷ್ಟು ನಯವಾದ ಕೈ ಇನ್ನೊಬ್ಬರದಿರಲಿಲ್ಲ. ಭಾನುವಾರ ನನ್ನ ಜೊತೆ ತೊಟ್ಟಿಯ ಮುಂದೆ ಕೂತು, "ಅಕ್ಕ, ಎರೆಹುಳಕ್ಕೆ ಕಣ್ಣೇ ಇಲ್ವಂತೆ, ಮತ್ತೆ ದಾರಿ ಹೆಂಗೆ ಗೊತ್ತಾಗ್ತೈತೆ?" ಎಂದು ಕೇಳುತ್ತಿದ್ದಳು.

ಈ ಸಲದ ಮಳೆಗೆ ಮೊದಲು ನಿಮ್ಮವರು ಬಂದು ಬಾವಿಯ ಪಕ್ಕದ ಚರಂಡಿಯನ್ನು ಅಗೆದರು. ಅಗೆದು ಬಿಟ್ಟು ಹೋದರು. ಮಳೆ ಬಂದಾಗ ಅದರ ಒಂದು ಮಗ್ಗುಲು ಬಾವಿಯ ಕಡೆಗೆ ಕುಸಿಯಿತು. ಮೇಲಿನ ಬೀದಿಯ ಪಾಯಿಖಾನೆಗಳ ನೀರೆಲ್ಲ ಆ ಕುಸಿದ ಜಾಗದಲ್ಲಿ ನಿಂತು ಇಂಗತೊಡಗಿತು. ನಲ್ಲಿ ನೀರು ನಮ್ಮ ಬೀದಿಗೆ ಬರುವುದು ನಿಮಗೆ ನೆನಪಾದ ದಿನ ಮಾತ್ರ. ಜನ ಬಾವಿಯದನ್ನೇ ಸೇದಿ ಕುಡಿದರು.

ಮೊದಲು ಮಲಗಿದವಳು ಪಾಲಮ್ಮ. ಜ್ವರ ಇಳಿಯದಿದ್ದಾಗ ನಾನೂ ಏಕಾಂತಮ್ಮನೂ ಸೇರಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ನೋಡಿದರು. "ಇದು ನೀರಿನಿಂದ ಬರೋ ಜ್ವರ. ನೀರು ಕುದಿಸಿ ಕುಡೀರಿ. ನಿಮ್ಮ ಬಾವಿ ನೀರನ್ನ ಪುರಸಭೆಯೋರು ಪರೀಕ್ಷೆ ಮಾಡಿಸ್ಬೇಕು" ಎಂದರು. ನಿಮ್ಮ ಕಚೇರಿಗೆ ಬಂದು ಗುಮಾಸ್ತರಿಗೆ ಹೇಳಿದೆ. ಅದರ ಫಲವಾಗಿ ಆರೋಗ್ಯ ನಿರೀಕ್ಷಕರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಂದರು. ಕುಸಿದ ಚರಂಡಿಯನ್ನು ದಾಟಿಯೇ ಬಂದರು, ಷೂ ಕೆಸರಾಗದಂತೆ ಎತ್ತರಕ್ಕೆ ಕಾಲೆತ್ತಿ. ಬಾವಿಯ ಕಡೆ ತಿರುಗಲಿಲ್ಲ. ನೇರ ನನ್ನ ಹಿತ್ತಲಿಗೆ ಹೋಗಿ ತಗಡು ಎತ್ತಿದರು.

"ಏನಮ್ಮಾ ಇದು, ಹುಳ ಹರಿದಾಡ್ತಿವೆ?"

"ಎರೆಹುಳ ಸಾರ್. ಗೊಬ್ಬರದಲ್ಲಿ ಇರಬೇಕಾದವೇ. ಬಾವಿ ಆ ಕಡೆ ಇದೆ, ದಯವಿಟ್ಟು ಅದನ್ನ ನೋಡಿ."

"ಮನೇಲಿ ಹುಳ ಸಾಕ್ಕೊಂಡು ನಮಗೆ ಬಾವಿ ತೋರಿಸ್ತೀರಾ? ರೋಗದ ಮೂಲ ಇಲ್ಲೇ ಇದೆ."

ಬೀದಿಯ ಜನವೆಲ್ಲ ಕೇಳುವ ಹಾಗೆ ಹೇಳಿದರು. ಅಧಿಕಾರಿಗಳೇ, ರೋಗ ಆ ತೊಟ್ಟಿಯಲ್ಲಿದ್ದರೆ ನಾಲ್ಕು ಮಳೆಗಾಲ ಅದರೊಳಗೆ ಕೈಯಿಟ್ಟ ನಾನು ಹೇಗೆ ಉಳಿದೆ? ಬಸ್ಸಿನಿಂದ ಬಂದು ಗುದ್ದಲಿ ಹಿಡಿಯುತ್ತಿದ್ದ ನನ್ನ ಯಜಮಾನರು ಹೇಗೆ ಉಳಿದರು? ಡಾಕ್ಟರ ಮಾತು ಕೇಳಿದ ದಿನದಿಂದ ಇವತ್ತಿನವರೆಗೂ ಬಿಡದೆ ನೀರು ಕುದಿಸಿ ಕುಡಿಯುತ್ತಿರುವ ಮನೆ ಬೀದಿಯಲ್ಲಿ ನಮ್ಮದೊಂದೇ, ಜ್ವರ ಬಾರದ ಮನೆಗಳಲ್ಲಿ ನಮ್ಮದೂ ಒಂದು. ಇದನ್ನು ಕೂಡಿಸಿ ನೋಡಲು ಯಾವ ಕಾಲೇಜಿಗೆ ಹೋಗಬೇಕು?

ಮಾರನೆಯ ದಿನ ನಿಮ್ಮ ಆಳುಗಳು ಹಾರೆ ತಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಹೇಳಿದ್ದನ್ನು ಮಾಡಿದರು. ಅರೆಬೆಂದ ಕಸವನ್ನು ಬೀದಿಗೆ ಎಳೆದರು. ಅದನ್ನು ಒಯ್ಯುವ ಗಾಡಿ ಬರಲೇ ಇಲ್ಲ, ಹಂದಿಗಳು ಹಂಚಿಕೊಂಡವು. ತಳದ ಮಾಗಿದ ಗೊಬ್ಬರವನ್ನು ಮಾತ್ರ ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ಆಮೇಲೆ ನಿಮ್ಮ ಕಚೇರಿಯ ಮುಂದೆ ಕಾಯುತ್ತ ಕೂತಿದ್ದಾಗ ಗುಲಾಬಿ ಗಿಡಗಳ ಬುಡದಲ್ಲಿ ಕರಗದ ಶೇಂಗಾ ಹೊಟ್ಟಿನ ಚೂರುಗಳನ್ನು ಕಂಡೆ. ರೋಗದ ಮೂಲ ನಿಮ್ಮ ಅಂಗಳದಲ್ಲಿ ಚೆನ್ನಾಗಿ ಹೂ ಬಿಟ್ಟಿದೆ.

ತೊಟ್ಟಿ ಒಡೆಯುವಾಗ ಏಕಾಂತಮ್ಮ ಗೋಡೆಯ ಆಚೆ ನಿಂತಿದ್ದಳು. "ಮನಿ ಬಾಜೂಕೇ ರೋಗ ಇಟ್ಕಂಡು ನನ್ ಮಗಳನ್ನ ಆಸ್ಪತ್ರಿಗೆ ಬ್ಯಾರೆ ಕರ್ಕಂಡ್ ಹೋದ್ಯಲ್ಲೇ" ಎಂದಳು. ಕೂಗಲಿಲ್ಲ. ಕೂಗಿದ್ದರೆ ಉತ್ತರ ಕೊಡುತ್ತಿದ್ದೆನೇನೋ.

ಇನ್ನು ಮುಂದಿನದು ಬರೆಯಲು ನನಗೆ ಕಷ್ಟ, ಆದರೂ ನೀವು ಓದಬೇಕು. ರೋಗದ ಮೂಲ ಹೋಯಿತೆಂದು ಸಾಹೇಬರೇ ಹೇಳಿದ ಮೇಲೆ ಸೌದೆ ಸುಟ್ಟು ನೀರು ಕುದಿಸುವವರು ಯಾರು? ಏಕಾಂತಮ್ಮ ಕುದಿಸುವುದನ್ನು ಬಿಟ್ಟಳು. ಪಾಲಮ್ಮನಿಗೆ ಜ್ವರ ಇಳಿಮುಖವಾಗಿತ್ತು, ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಮತ್ತೆ ಏರಿತು. ಜ್ವರದ ಬಾಯಾರಿಕೆಗೆ ಅವಳು ಕೇಳಿದಾಗಲೆಲ್ಲ ತಾಯಿ ಆ ಬಾವಿಯ ನೀರನ್ನೇ ಲೋಟದಲ್ಲಿ ಕೊಟ್ಟಳು. ಪ್ರೀತಿಯಿಂದ ಕೊಟ್ಟಳು. ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಒಯ್ಯುವ ಹೊತ್ತಿಗೆ ಕರುಳು ತೂತಾಗಿದೆ ಎಂದರು. ಹೆಣವನ್ನು ಊರಿಗೆ ತಂದದ್ದು ನನ್ನ ಯಜಮಾನರೇ, ಒಬ್ಬರ ವ್ಯಾನು ಕೇಳಿ ತಾವೇ ಓಡಿಸಿಕೊಂಡು. ಏಕಾಂತಮ್ಮ ನನ್ನನ್ನು ಮನೆಯ ಹೊಸಿಲು ದಾಟಲು ಬಿಡಲಿಲ್ಲ. ನಾನು ಬೀದಿಯಲ್ಲೇ ನಿಂತು ಅತ್ತೆ.

ಈಗ ಅವಳ ಕಿರಿಯ ಮಗಳಿಗೆ ಮೈ ಬಿಸಿಯಾಗಿದೆ. ಕುದಿಸಿ ಆರಿಸಿದ ನೀರನ್ನು ಬಿಂದಿಗೆಯಲ್ಲಿ ಒಯ್ದು ಕೊಟ್ಟೆ. ನನ್ನೆದುರೇ ಮೋರಿಗೆ ಸುರಿದಳು. ಆಗ ನನಗೆ ಏನಾಯಿತೋ ತಿಳಿಯದು. ಮನೆಗೆ ಹೋಗಿ ಕುಡುಗೋಲು ತಂದೆ. ಮಟಮಟ ಮಧ್ಯಾಹ್ನ, ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾಗ, ಬಾವಿಯ ಹಗ್ಗವನ್ನು ಕತ್ತರಿಸಿ ಹಾಕಿದೆ. ಹಗ್ಗ, ಕೊಡ ಎರಡೂ ನೀರಿಗೆ ಬಿದ್ದವು.

ಏಕಾಂತಮ್ಮ ಓಡಿಬಂದು ನನ್ನ ತೋಳು ಹಿಡಿದಳು. "ಮಗಳು ಹೋದ್ಲು, ಈಗ ನೀರೂ ಕಿತ್ಕಂತೀಯೇನೇ? ನಾವು ನಿಂಗೇನ್ ಮಾಡೀವಿ?"

"ಆ ನೀರೇ ಕಣೇ ಪಾಲಮ್ಮನ್ನ ತಿಂದಿದ್ದು."

"ಸಾಯೇಬ್ರು ಹಂಗೆ ಹೇಳಲಿಲ್ಲ" ಎಂದಳು.

ನೋಡಿ ಸ್ವಾಮಿ, ನನ್ನ ಮಾತೆಲ್ಲ ಸೋತದ್ದು ಅಲ್ಲಿ. ಸಾಹೇಬರು ಹಾಗೆ ಹೇಳಲಿಲ್ಲ. ಸಂಜೆಯೊಳಗೆ ಹೊಸ ಹಗ್ಗ ಬಂತು. ಯಜಮಾನರು ಊಟಕ್ಕೆ ಕೂತು, ತಟ್ಟೆ ಮುಟ್ಟದೆ ಕೇಳಿದರು. "ನಾಳೆ ಸರಪಳಿ ಹಾಕ್ತಾರೆ. ಅದನ್ನ ಯಾತರಲ್ಲಿ ಕತ್ತರಿಸ್ತೀ?" ನಾನು ಎದ್ದು ಕಾಗದ, ಪೆನ್ನು ತಂದು ಈ ಪತ್ರಕ್ಕೆ ಕೂತೆ. ಇನ್ನು ಶಾಲೆಯಲ್ಲಿ ಮಕ್ಕಳು ನನ್ನನ್ನು ಹೇಗೆ ನೋಡುತ್ತಾರೋ ಎಂಬುದಕ್ಕಿಂತ, ಎಷ್ಟು ಮಕ್ಕಳು ಬರುತ್ತಾರೋ ಎಂಬುದೇ ನನ್ನ ಹೆದರಿಕೆ.

ಆದ್ದರಿಂದ ನನ್ನ ಬೇಡಿಕೆ. ಒಡೆದ ತೊಟ್ಟಿಯನ್ನು ಕಟ್ಟಿಸಿಕೊಡಿ ಎಂದು ಕೇಳುತ್ತಿಲ್ಲ. ಕ್ಷಮೆಯನ್ನೂ ಕೇಳುತ್ತಿಲ್ಲ, ಅದು ನಿಮ್ಮ ಕಚೇರಿಯಲ್ಲಿ ದಾಸ್ತಾನಿಲ್ಲದ ವಸ್ತು. ಚರಂಡಿ ಮುಚ್ಚಿಸಿ. ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿ, ಅಲ್ಲಿಯವರೆಗೆ ಟ್ಯಾಂಕರಿನಲ್ಲಿ ನೀರು ಕೊಡಿ. ಎಲ್ಲಕ್ಕೂ ಮೊದಲು ನೀವೇ ಬಂದು ಏಕಾಂತಮ್ಮನ ಬಾಗಿಲಲ್ಲಿ ನಿಂತು, "ತಾಯೀ, ಈ ನೀರನ್ನು ಮಗುವಿಗೆ ಕೊಡಬೇಡ" ಎಂದು ಹೇಳಿ. ನಾನು ಹೇಳಿದರೆ ಅದು ಹಗೆಯ ಮಾತು, ನೀವು ಹೇಳಿದರೆ ಔಷಧ. ನನ್ನನ್ನು ನಂಬಲು ಅವಳಿಗೆ ಇನ್ನು ಕಾರಣವಿಲ್ಲ, ನಿಮ್ಮನ್ನು ನಂಬುವುದನ್ನು ಅವಳು ಇನ್ನೂ ಬಿಟ್ಟಿಲ್ಲ.

ಬರಲು ಪುರಸೊತ್ತಿಲ್ಲವೇ? ಸಾರ್ವಜನಿಕ ಸ್ವತ್ತಾದ ಬಾವಿಯ ಹಗ್ಗವನ್ನು ಹಾಡಹಗಲಲ್ಲಿ ಕತ್ತರಿಸಿದವಳು ನಾನೇ ಎಂದು ಈ ಪತ್ರದ ಮೂಲಕ ಎಲ್ಲರೆದುರು ಒಪ್ಪಿಕೊಂಡಿದ್ದೇನೆ. ಅದು ಅಪರಾಧ. ಸ್ಥಳ ಪರಿಶೀಲನೆಗೆ ನೀವು ಬರಲೇಬೇಕು. ಪೊಲೀಸರನ್ನೂ ಕರೆತನ್ನಿ, ನಾನು ಎಲ್ಲಿಗೂ ಹೋಗುವುದಿಲ್ಲ. ಬರುವಾಗ ತೊಳೆದ ಶೀಷೆಯೊಂದನ್ನು ಜೊತೆಗೆ ತನ್ನಿ. ಮೊದಲು ಅದಕ್ಕೆ ನೀರು ತುಂಬಿಸಿಕೊಳ್ಳಿ, ಆಮೇಲೆ ನನ್ನ ಕೈಗೆ ಕೋಳ ಹಾಕಿಸಿ.

ಮಗುವಿನ ಜ್ವರ ಇವತ್ತು ಬೆಳಿಗ್ಗೆಗೆ ಇನ್ನೂ ಏರಿದೆ. ಬೇಗ ಬನ್ನಿ.

ಇಂತಿ,
ಬಂಧನಕ್ಕಾಗಿ ಬಾವಿಕಟ್ಟೆಯ ಮೇಲೆ ಕಾದು ಕೂತಿರುವ
ಚಂದ್ರಕ್ಕ, ಹೊಲಿಗೆ ಶಿಕ್ಷಕಿ
ಅಕ್ಟೋಬರ್ 1978