ನೀಲಿ ಪೆನ್ಸಿಲ್ಲಿನ ಕೈ

ಹುಬ್ಬಳ್ಳಿ
ಏಪ್ರಿಲ್ 38, 2191

ತೀರ್ಥರೂಪ ಸಂಗಪ್ಪಜ್ಜನವರಿಗೆ,

ತಾರೀಕು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಮುದುರಬೇಡಿ. ಬೇಸಿಗೆ ಬೆಳೆದು ಈಗ ಏಪ್ರಿಲ್ಲಿಗೆ ನಲವತ್ತೊಂದು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕನ್ನಡ ಓದಲು ಕಲಿತದ್ದೇ ಪತ್ರಿಕೆಗೆ ನೀವು ಬರೆದ ‘ಪಂಚರ್ ಪರಪ್ಪ’ನ ಚಿತ್ರಪಟ್ಟಿಗಳಿಂದ. ನಾನು ಮಹಾಂತ, ನಿಮ್ಮ ತಂಗಿ ಗಂಗವ್ವನ ಆರನೇ ತಲೆಮಾರಿನವನು. ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಳೆಯ ಕಾಲಕ್ಕೆ ಜೀವಮಾನದಲ್ಲಿ ಒಂದೇ ಹಾಳೆ ಕಳಿಸಲು ಬಿಡುತ್ತಾರೆ. ಹಿಂದಿನವರಿಂದ ಏನಾದೀತು ಎಂದು ಅದನ್ನು ಯಾರೂ ಓದಿ ನೋಡುವುದಿಲ್ಲ.

ಇಪ್ಪತ್ತೊಂಬತ್ತು ವರ್ಷ ನೀವು ದಿನವೂ ಪರಪ್ಪನನ್ನೂ ಅವನ ಸೈಕಲ್ ಅಂಗಡಿಯ ಜೊತೆಗಾರ ತಿಪ್ಪಣ್ಣನನ್ನೂ ಬಿಡಿಸಿದಿರಿ. ಮೊದಲು ತಿಳಿನೀಲಿ ಪೆನ್ಸಿಲ್ಲು, ಅದರ ಮೇಲೆ ಕರಿ ಶಾಯಿ. ನೀಲಿ ಗೆರೆ ಅಚ್ಚಿನಲ್ಲಿ ಮೂಡುವುದಿಲ್ಲವೆಂದು ಬಲ್ಲ ನೀವು ದಿನವೂ ಒಂದು ಗೆರೆಗೆ ಶಾಯಿ ಹಾಕದೆ ಬಿಟ್ಟಿರಿ. ಅದು ಪರಪ್ಪನ ಹೆಗಲ ಮೇಲಿನ ತಿಪ್ಪಣ್ಣನ ಕೈ. ಓದುಗರು ಇಬ್ಬರು ಗೆಳೆಯರ ಜಗಳ ಕಂಡು ನಕ್ಕರು. ಸಂಪಾದಕರು “ಸಂಗಪ್ಪಾ, ಇವ್ರಿಗೂ ಒಂದೊಂದು ಹೆಣ್ಣು ನೋಡಪಾ” ಅಂದರಂತೆ. ಮರುದಿನವೇ ನೀವು ಹೆಣ್ಣು ನೋಡಲು ಹೊರಟ ಇಬ್ಬರ ಸೈಕಲ್ಲೂ ಪಂಚರ್ ಮಾಡಿಸಿದಿರಿ. ಅದನ್ನು ಓದಿ ನಾನೂ ಹನುಮೇಶನೂ ಬಿದ್ದು ಬಿದ್ದು ನಕ್ಕಿದ್ದೇವೆ. ಹನುಮೇಶ ನನ್ನವನು. ನಿಮ್ಮ ಹಾಗೆ ನಾನೂ ಗಂಡಸನ್ನು ಪ್ರೀತಿಸುವ ಗಂಡಸು, ಅಜ್ಜ.

ತಪ್ಪು ನನ್ನದು. ನಿಮ್ಮ ಮೂಲ ಹಾಳೆಗಳಿಗೆ ನುಸಿ ಹಿಡಿದಿತ್ತು. ಉಳಿಯಲೆಂದು ಅವನ್ನು ಒಳಗಣ್ಣಿಗೆ ಕೊಟ್ಟೆ. ಕಾಗದದ ಪದರ ಪದರವನ್ನೂ ಓದಿ ನಕಲಿಡುವ ಯಂತ್ರ ಅದು. ಅದಕ್ಕೆ ನೀಲಿಯೂ ಒಂದೇ, ಕಪ್ಪೂ ಒಂದೇ. ಪ್ರತಿ ಹಾಳೆಯಲ್ಲೂ ಕೈ ಕಂಡಿತು. ಮನೆಮಂದಿಯ ನಡತೆ ತೂಗುವ ಕಚೇರಿಯೊಂದಿದೆ, ಹದಮನೆ ಅನ್ನುತ್ತೇವೆ. ಒಳಗಣ್ಣು ಕಂಡದ್ದೆಲ್ಲ ತಾನಾಗಿ ಅಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಾಳೆ ಬೆಳಿಗ್ಗೆ ಅವರು ಬರುತ್ತಾರೆ. ಹಾಳೆಗಳನ್ನು ಸುಡುತ್ತಾರೆ. ಆಮೇಲೆ ಇವನ್ನು ಇಟ್ಟುಕೊಂಡವನು ಯಾರು, ಅವನ ಮನೆಯಲ್ಲಿರುವ ಇನ್ನೊಬ್ಬ ಯಾರು ಎಂದು ಕೇಳುತ್ತಾರೆ. ಪಕ್ಕದ ಓಣಿಯಲ್ಲಿ ಹೀಗೆ ಕೇಳಿ ಕರೆದೊಯ್ದ ಇಬ್ಬರು ತಿರುಗಿ ಬಂದಿಲ್ಲ. ನನಗೆ ಜೀವ ಬಾಯಿಗೆ ಬಂದಿದೆ. ಹನುಮೇಶ “ಸುಮ್ಕಿರೊ, ಏನೂ ಆಗಂಗಿಲ್ಲ” ಅನ್ನುತ್ತಾನೆ. ಆದರೆ ಬೆಳಗಿನಿಂದ ಮೂರು ಸಲ ಬಾಗಿಲ ಚಿಲಕ ನೋಡಿ ಬಂದ.

ಈ ಕಾಗದ ನಿಮಗೆ ಮುಟ್ಟುವ ದಿನ ನಿಮ್ಮ ಕೊನೆಯ ಚಿತ್ರಪಟ್ಟಿ ಇನ್ನೂ ನಿಮ್ಮ ಮೇಜಿನ ಮೇಲಿರುತ್ತದೆ. ಅಂಗಡಿಗೆ ಬೀಗ ಹಾಕಿ ಇಬ್ಬರೂ ಮನೆಗೆ ಹೊರಟಿದ್ದಾರೆ. ಆ ಕೈಗೆ ಶಾಯಿ ಹಾಕಿ, ಅಷ್ಟೇ ನನ್ನ ಬೇಡಿಕೆ. ಅಚ್ಚಾಗಿ ನಲವತ್ತು ಸಾವಿರ ಮನೆಗೆ ಹೋದದ್ದನ್ನು ಯಾರೂ ಹೆಕ್ಕಿ ತಂದು ಸುಡಲಾರರು. ಮಂದಿ ಒಮ್ಮೆ ನೋಡಿ, ಬೈದು, ನಕ್ಕು, ರೂಢಿ ಮಾಡಿಕೊಂಡಿದ್ದರೆ ಹದಮನೆ ಇಷ್ಟು ಬೆಳೆಯುತ್ತಿರಲಿಲ್ಲವೇನೋ. ನಿಮಗೂ ಭಯವಿತ್ತು, ಬಲ್ಲೆ. ನೌಕರಿಯಿತ್ತು, ಓಣಿಯವರಿದ್ದರು, ಗಂಗವ್ವ ಏನನ್ನುತ್ತಾಳೋ ಎಂಬುದಿತ್ತು. ಆದರೂ ಕೇಳುತ್ತಿದ್ದೇನೆ.

ಅದೇ ಹಾಳೆ ಈಗ ನನ್ನ ಮುಂದಿದೆ. ನೀವು ಶಾಯಿ ಹಾಕಿದರೆ ಇಲ್ಲಿಯೂ ಗೆರೆ ಕಪ್ಪಾಗಬೇಕು. ಇದನ್ನು ಅಂಚೆಗೆ ಹಾಕಿ ಬಂದು ನಾವಿಬ್ಬರೂ ಅದನ್ನೇ ನೋಡುತ್ತ ಕೂತಿರುತ್ತೇವೆ.

ಸದ್ಯ ಇನ್ನೂ ನೀಲಿಯೇ ಇದೆ, ಅಜ್ಜ.

ನಿಮ್ಮ,
ಮಹಾಂತ